ಓದುವವಳು ಮುಟ್ಟುವ ಹಾಗಿಲ್ಲ

ಬದನಗುಪ್ಪೆ, ಹೊರಡುವ ಮುಂಚೆ

ಮಲೇಶಿಯಾಕ್ಕೆ ಹೋಗಿ ಬಂದೆ ಎಂದರೆ ಎಲ್ಲರೂ ಏನೇನು ನೋಡಿದೆ ಎಂದು ಕೇಳುತ್ತಾರೆ. ಆರು ವಾರ ನಾನು ನೋಡಿದ್ದು ಕಿಟಕಿಯೇ ಇಲ್ಲದ ಒಂದು ಕಟ್ಟಡವನ್ನು. ಸಮುದ್ರ ಪಕ್ಕದಲ್ಲೇ ಇತ್ತಂತೆ, ನೋಡಲಿಲ್ಲ. ಸೇತುವೆ ದಾಟಿದರೆ ಸಿಂಗಾಪುರವಂತೆ, ಅದಕ್ಕೆ ಬೇರೆ ವೀಸಾ ಬೇಕಾಗಿದ್ದರಿಂದ ಅದೂ ಆಗಲಿಲ್ಲ. ಕಟ್ಟಡದ ಒಳಗೆ ಫೋಟೊ ತೆಗೆಯುವಂತಿರಲಿಲ್ಲ. ಹಾಗಾಗಿ ನಾದಿನಿಗೆ ತೋರಿಸಲು ಇದ್ದದ್ದು ಗೇಟಿನ ಹೊರಗೆ ಹೆಲ್ಮೆಟ್ ಹಾಕಿಕೊಂಡು ನಿಂತ ಒಂದೇ ಫೋಟೊ. ಅವಳು ಅದನ್ನು ಹಿಗ್ಗಿಸಿ ನೋಡಿ, ಇದು ನಮ್ಮ ಬದನಗುಪ್ಪೆ ಥರವೇ ಇದೆಯಲ್ಲ ಎಂದಳು. ಅವಳು ಹೇಳಿದ್ದು ತಪ್ಪೇನೂ ಅಲ್ಲ.

ನಾನು ನಾಗಮಣಿ, ಸಂತೆಮರಹಳ್ಳಿಯವಳು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿ, ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ನೂಲಿನ ಗಿರಣಿಯಲ್ಲಿ ಹದಿನಾಲ್ಕು ವರ್ಷ ಜನರೇಟರು, ಕಂಪ್ರೆಸರು, ಪ್ಯಾನೆಲ್ಲುಗಳ ನಡುವೆ ಕಳೆದವಳು. ಆ ಕೆಲಸವನ್ನು ನನಗೆ ಕೈಹಿಡಿದು ಕಲಿಸಿದವರು ಗುಂಡ್ಲುಪೇಟೆ ಕಡೆಯ ಬೇಗೂರಿನ ಪುಟ್ಟಸ್ವಾಮಣ್ಣ. ಹೆಂಗಸರು ಪ್ಯಾನೆಲ್ ಮುಟ್ಟುವುದುಂಟಾ ಎಂದು ಮಿಕ್ಕವರು ನಗುತ್ತಿದ್ದ ಕಾಲದಲ್ಲಿ, ಕೈಗೆ ಟೆಸ್ಟರು ಕೊಟ್ಟು ಮುಂದೆ ನಿಲ್ಲಿಸಿದವರು ಅವರೊಬ್ಬರೇ. ಜನರೇಟರಿನ ಸದ್ದು ಕೇಳಿಯೇ ಅದರ ಯಾವ ಸಿಲಿಂಡರು ಕೈಕೊಡುತ್ತಿದೆ ಎಂದು ಹೇಳಬಲ್ಲ ಮನುಷ್ಯ.

ಗಿರಣಿಯಿಂದ ಕೂಗಳತೆಯಲ್ಲಿ ಒಂದು ಡೇಟಾ ಸೆಂಟರ್ ಏಳತೊಡಗಿತು. ಅಂದರೆ ಸಾವಿರಾರು ಕಂಪ್ಯೂಟರುಗಳನ್ನು ಬೀರುಗಳಲ್ಲಿ ಜೋಡಿಸಿ, ಹಗಲೂ ರಾತ್ರಿ ಓಡಿಸುವ ಕಟ್ಟಡ. ನಾವು ಫೋನಿನಲ್ಲಿ ಕಳಿಸುವ ಫೋಟೊ, ಬಸ್ಸಿನ ಟಿಕೆಟ್ಟು, ಆಸ್ಪತ್ರೆಯ ಚೀಟಿ ಎಲ್ಲ ಕೊನೆಗೆ ಹೋಗಿ ಕೂರುವುದು ಇಂಥ ಜಾಗದಲ್ಲಿ. ಅಲ್ಲಿಗೆ ನಮ್ಮಿಬ್ಬರನ್ನೂ ತೆಗೆದುಕೊಂಡರು. ಕಂಪ್ಯೂಟರಿನ ಕೆಲಸಕ್ಕಲ್ಲ. ಅವಕ್ಕೆ ಕರೆಂಟು ತಪ್ಪದ ಹಾಗೆ, ಮೈ ಬಿಸಿಯೇರದ ಹಾಗೆ ನೋಡಿಕೊಳ್ಳುವುದಕ್ಕೆ. ಇದನ್ನು ಕಲಿಯಲು ಆರು ವಾರ ಮಲೇಶಿಯಾದ ಜೊಹೋರ್ ಬಾರುವಿಗೆ ಹೋಗಬೇಕು ಎಂದಾಗ ನಮ್ಮತ್ತೆ ರೊಟ್ಟಿ ತಟ್ಟುತ್ತಿದ್ದವರು ತಲೆಯೆತ್ತಿ ಕೇಳಿದರು: "ಯಾರದೋ ಮಿಷನ್‌ಗೆ ಗಾಳಿ ಬೀಸಾಕೆ ಅಷ್ಟು ದೂರ ಓಗ್ಬೇಕಾ ಕಣಮ್ಮಿ?"

ಹೋಗಲೇಬೇಕಿತ್ತು. ತರಬೇತಿಯ ಕೊನೆಯಲ್ಲಿ ಒಂದು ಕಾರ್ಡು ಕೊಡುತ್ತಾರೆ. ಆ ಕಾರ್ಡು ಇದ್ದವರು ಮಾತ್ರ ದೊಡ್ಡ ಬ್ರೇಕರುಗಳನ್ನು, ಅಂದರೆ ಕರೆಂಟಿನ ಮುಖ್ಯ ಸ್ವಿಚ್ಚುಗಳನ್ನು, ಹಾಕಿ ತೆಗೆಯಬಹುದು. ಅದು ಸಿಕ್ಕರೆ ಬದನಗುಪ್ಪೆಯ ಮೊದಲ ಪಾಳಿ ನನ್ನ ಕೈಯಲ್ಲಿ. ಸಿಗದಿದ್ದರೆ ಹೊರಗಿನಿಂದ ಯಾರನ್ನೋ ತರುತ್ತಾರೆ, ನಾನು ಅವರ ಪಕ್ಕ ಕೂತು ಗಂಟೆಗೊಮ್ಮೆ ಮೀಟರ್ ನೋಡಿ ಪುಸ್ತಕದಲ್ಲಿ ಬರೆಯಬೇಕು. ಪುಟ್ಟಸ್ವಾಮಣ್ಣನಿಗೂ ಹಾಗೆಯೇ. ಕಾರ್ಡಿಲ್ಲದಿದ್ದರೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಡೀಸೆಲ್ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆಯುವ ಕೆಲಸ.

ಜೊಹೋರ್, ಇಳಿದ ದಿನ

ವಿಮಾನದ ಬಗ್ಗೆ ಹೇಳಲು ಏನೂ ಇಲ್ಲ, ಚಳಿಯಿತ್ತು ಎಂಬುದನ್ನು ಬಿಟ್ಟರೆ. ಪುಟ್ಟಸ್ವಾಮಣ್ಣ ದಾರಿಯುದ್ದಕ್ಕೂ ರೆಕ್ಕೆಯ ಕೆಳಗಿನ ಎಂಜಿನ್ನುಗಳ ಸದ್ದಿಗೆ ಕಿವಿ ಕೊಟ್ಟು ಕೂತಿದ್ದರು. ಇಳಿಯುವಾಗ, ಎಡಗಡೆಯದು ಒಂಚೂರು ಒರಟಾಗಿದೆ ಎಂದು ತೀರ್ಪು ಕೊಟ್ಟರು.

ಹೊರಗೆ ಬಂದರೆ ಸೆಕೆ. ಚಾಮರಾಜನಗರದ ಬಿಸಿಲು ನೆತ್ತಿಯ ಮೇಲೆ ಬೀಳುತ್ತದೆ, ನೆರಳಿಗೆ ಹೋದರೆ ಮುಗಿಯಿತು. ಜೊಹೋರಿನ ಸೆಕೆ ನೆರಳಿಗೂ ಹಿಂದೆಯೇ ಬರುತ್ತದೆ. ರಸ್ತೆಯ ಎರಡೂ ಕಡೆ ತಾಳೆ ತೋಟ, ಮೈಲಿಗಟ್ಟಲೆ. ತೆಂಗಿನ ಮರ ಅಂದುಕೊಂಡು ಮೊದಲು ಖುಷಿಪಟ್ಟೆ, ಹತ್ತಿರ ಹೋದಾಗ ಗಿಡ್ಡವಾಗಿ ದಪ್ಪಗಿದ್ದವು. ಮಧ್ಯಾಹ್ನ ಮಳೆ ಸುರಿಯಿತು. ಇಲ್ಲಿನವರು ಅದಕ್ಕೆ ಓಡುವುದೂ ಇಲ್ಲ, ಮೇಲೆ ನೋಡುವುದೂ ಇಲ್ಲ. ಮಳೆ ಬಂದಾಗಲೆಲ್ಲ ಮಾತು ನಿಲ್ಲಿಸಿ ಆಕಾಶ ನೋಡುವ ನಮ್ಮಿಬ್ಬರನ್ನು ಹೋಟೆಲಿನ ಹುಡುಗಿಯರು ವಿಚಿತ್ರವಾಗಿ ಗಮನಿಸುತ್ತಿದ್ದರು.

ಇವರು ಯಾವ ಭಾಷೆ ಮಾತಾಡಿದರೂ ಕೊನೆಗೊಂದು 'ಲಾ' ಸೇರಿಸುತ್ತಾರೆ. ಇಂಗ್ಲಿಷಿಗೂ ಲಾ, ಇಲ್ಲಿನ ಮಲಯ್ ಭಾಷೆಗೂ ಲಾ. ಸಿಮ್ ಕಾರ್ಡ್ ಅಂಗಡಿಯಲ್ಲಿದ್ದ, ಇಪ್ಪತ್ತೂ ತುಂಬದ ಹುಡುಗಿ ಪುಟ್ಟಸ್ವಾಮಣ್ಣನಿಗೆ 'ಓಕೆ ಲಾ' ಎಂದಾಗ ಅವರ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಗಂಡಸರು ಓರಗೆಯ ಗೆಳೆಯರಿಗೆ, ಕಿರಿಯರಿಗೆ ಮಾತ್ರ ಲಾ ಅನ್ನುವುದು. ಇದೇನು ನನ್ನ ಜೊತೆ ಗೋಲಿ ಆಡಿದ್ದವಳ ಹಾಗೆ ಮಾತಾಡ್ತಾಳಲ್ಲ ಎಂದು ಹೋಟೆಲ್ ತಲುಪುವವರೆಗೂ ಗೊಣಗಿದರು. ಮೂರನೆಯ ವಾರಕ್ಕೆ ಅವರೇ ಬಸ್ಸಿನ ಡ್ರೈವರಿಗೆ, ಪೊಲೀಸಿಗೆ, ಪಾರಿವಾಳಕ್ಕೆ ಕೂಡ 'ಓಕೆ ಲಾ' ಅನ್ನುತ್ತಿದ್ದರು.

ಕಿಟಕಿಯಿಲ್ಲದ ಮನೆ

ನಮಗೆ ಕಲಿಸಲು ಬಂದವರ ಹೆಸರು ಸರೋಜಾ. ನಾಲ್ಕು ತಲೆಮಾರಿನ ಹಿಂದೆ ರಬ್ಬರ್ ತೋಟಕ್ಕೆ ಬಂದ ತಮಿಳರ ಮನೆಯವರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಬೂಟು ಹಾಕಿಕೊಂಡು ನಡೆದು ಬಂದರೆ ಕಾರಿಡಾರಿನ ಗಂಡಸರು ಪಕ್ಕಕ್ಕೆ ಸರಿಯುತ್ತಿದ್ದರು. ನನ್ನ ಇಂಗ್ಲಿಷ್ ಪ್ಯಾನೆಲ್ ಮೇಲೆ ಬರೆದಿರುವಷ್ಟೇ. ಆದರೆ ತಾಯಿಯ ತವರು ತಮಿಳುನಾಡಿನ ತಾಳವಾಡಿಯಾದ್ದರಿಂದ ತಮಿಳು ಚಿಕ್ಕಂದಿನಿಂದ ಕಿವಿಯಲ್ಲಿದೆ. ಸಂಕೋಚಪಡುತ್ತಲೇ "ಸಾಪ್ಟೀಂಗಳಾ ಅಕ್ಕಾ" ಎಂದು ಊಟದ ವಿಚಾರ ಕೇಳಿದೆ. ಅವರು ಬಾಯಿ ತುಂಬ ನಕ್ಕರು. ಅಂದಿನಿಂದ ಪಾಠವೆಲ್ಲ ತಮಿಳಿನಲ್ಲಿ ನಡೆಯಿತು. ಪುಟ್ಟಸ್ವಾಮಣ್ಣನಿಗೆ ಕೇರಳದ ವ್ಯಾಪಾರಿಗಳ ಸಹವಾಸದಿಂದ ಬಂದ ಮಲಯಾಳ ಗೊತ್ತೇ ಹೊರತು ತಮಿಳು ಬಾರದು. ಅವರಿಗೆ ನಾನು ಕನ್ನಡ ಮಾಡಿ ಹೇಳುತ್ತಿದ್ದೆ.

ಮೊದಲ ಬಾಗಿಲಲ್ಲೇ ತಕರಾರು ಶುರುವಾಯಿತು. ಕರೆಂಟು ಹರಿಯುವ ಪ್ಯಾನೆಲ್ಲುಗಳ ಹತ್ತಿರ ಹೋಗುವವರ ಮೈಮೇಲೆ ಲೋಹ ಇರಕೂಡದು. ಬಳೆ ತೆಗೆದೆ, ಕಾಲುಂಗುರ ಬೂಟಿನೊಳಗಿದೆ ಎಂದು ವಾದಿಸಿ ಸೋತು ಅದನ್ನೂ ತೆಗೆದೆ. ತಾಳಿ ತೆಗೆಯುವುದಿಲ್ಲ ಎಂದು ನಿಂತೆ. ಗಿರಣಿಯಲ್ಲಿ ಅದನ್ನು ರವಿಕೆಯೊಳಗೆ ತೂರಿಸಿ ಪಿನ್ನು ಹಾಕಿಕೊಳ್ಳುತ್ತಿದ್ದೆ, ಯಾರೂ ಕೇಳಿರಲಿಲ್ಲ. ಸರೋಜಕ್ಕ ತಮ್ಮ ಕಾಲರಿನ ಒಳಗಿನಿಂದ ಒಂದು ಹಳದಿ ದಾರ ಎಳೆದು ತೋರಿಸಿದರು. ದಾರದ ತುದಿಯಲ್ಲಿ ಅರಿಶಿನದ ಕೊಂಬು. ಚಿನ್ನ ಮನೆಯ ಬೀರುವಿನಲ್ಲಿದೆ, ಕೆಲಸಕ್ಕೆ ಇದು ಎಂದರು. ನನ್ನ ಅಜ್ಜಿಯೂ ತಾಳಿ ಸವೆದು ಅಕ್ಕಸಾಲಿಗರ ಹತ್ತಿರ ಕೊಟ್ಟಿದ್ದಾಗ ಹೀಗೇ ಕಟ್ಟಿಕೊಳ್ಳುತ್ತಿದ್ದರು. ಇಷ್ಟು ಸಣ್ಣ ವಿಷಯ ನನಗೆ ಹದಿನಾಲ್ಕು ವರ್ಷ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಸಂಜೆಯೇ ಅಂಗಡಿಗೆ ಹೋದೆವು. ಪುಟ್ಟಸ್ವಾಮಣ್ಣ ಮನೆಯಲ್ಲಿ ಅರಿಶಿನ ಬೆಳೆಯುವವರು, ಅಂಗಡಿಯವನ ಡಬ್ಬಿಯಲ್ಲಿದ್ದ ಕೊಂಬುಗಳನ್ನೆಲ್ಲ ಮುರಿದು ಮೂಸಿ, ಬೇಯಿಸಿದ್ದು ಸಾಲದು ಎಂದು ತಲೆಯಾಡಿಸಿದರು. ಕೊನೆಗೆ ಒಂದನ್ನು ಒಲ್ಲದ ಮನಸ್ಸಿನಿಂದ ಆರಿಸಿಕೊಟ್ಟರು.

ಒಳಗಿನದು ಬೇರೆಯೇ ಲೋಕ. ಕಂಪ್ಯೂಟರಿನ ಬೀರುಗಳು ಎದುರುಬದುರಾಗಿ ಸಾಲುಸಾಲು ನಿಂತಿರುತ್ತವೆ. ಒಂದು ಓಣಿಗೆ ತಂಪು ಗಾಳಿ ಬಿಡುತ್ತಾರೆ, ಬೀರುಗಳು ಅದನ್ನು ಮುಂದಿನಿಂದ ಎಳೆದುಕೊಂಡು ಹಿಂದಿನಿಂದ ಬಿಸಿಯಾಗಿ ಉಗುಳುತ್ತವೆ. ತಂಪು ಸಾಲು, ಬಿಸಿ ಸಾಲು ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ತಂಪು ಸಾಲಿನಲ್ಲಿ ಹಲ್ಲು ಕಟಕಟಿಸಬಹುದು ಎಂದು ಸ್ವೆಟರ್ ಒಯ್ದಿದ್ದೆ. ಹೋಗಿ ನೋಡಿದರೆ ನವೆಂಬರಿನ ಬೆಳಗಿನಷ್ಟೇ ತಂಪು. ಅದಕ್ಕಿಂತ ತಂಪು ಮಾಡಿದರೆ ಕರೆಂಟು ದಂಡ ಎಂದರು ಸರೋಜಕ್ಕ.

ಎರಡು ದಾರಿ ಎಂಬ ಮಾತು ಇಲ್ಲಿ ಉಸಿರಾಡಿದಷ್ಟು ಸಲ ಕೇಳಿಬರುತ್ತದೆ. ಪ್ರತಿ ಬೀರುವಿಗೂ ಎ ದಾರಿಯಿಂದ ಒಂದು, ಬಿ ದಾರಿಯಿಂದ ಒಂದು ವೈರು. ಒಂದು ಸತ್ತರೆ ಇನ್ನೊಂದು ಹೊರುತ್ತದೆ. ಪ್ರತಿ ದಾರಿಯಲ್ಲೂ ಒಂದು ಯುಪಿಎಸ್. ಊರ ಕರೆಂಟು ಹೋಗಿ ಜನರೇಟರು ಏಳುವವರೆಗಿನ ಅಷ್ಟು ಹೊತ್ತನ್ನು ಅದರ ಬ್ಯಾಟರಿ ಹೊರುತ್ತದೆ. ಇನ್ನು ಎನ್ ಪ್ಲಸ್ ಒನ್ ಎಂದರೆ ಬೇಕಾದಷ್ಟರ ಮೇಲೆ ಒಂದು. ನಾಲ್ಕು ಪಂಪು ಸಾಕು ಎನ್ನುವ ಕಡೆ ಐದನೆಯದೊಂದು ಸುಮ್ಮನೆ ಕಾದು ನಿಂತಿರುತ್ತದೆ. ಮದುವೆ ಮನೆಯಲ್ಲಿ ನಮ್ಮತ್ತೆ ಒಂದು ಹಂಡೆ ಅನ್ನ ಹೆಚ್ಚಿಗೆ ಮಾಡಿಸುವುದು ಇದಕ್ಕೇ ಎಂದು ಹೇಳಿದೆ, ಸರೋಜಕ್ಕನಿಗೆ ತಕ್ಷಣ ಅರ್ಥವಾಯಿತು. ಬೇಕೆಂದೇ ಕರೆಂಟು ತೆಗೆದು ಎಲ್ಲ ಸರಿಯಾಗಿ ಏಳುತ್ತದೆಯೇ ನೋಡುವ ಒಂದು ಪರೀಕ್ಷೆಯೂ ಇದೆ, ಅದಕ್ಕೆ ವಾರಗಟ್ಟಲೆ ಸಭೆ ನಡೆಸುತ್ತಾರೆ. ನಮ್ಮೂರುಗಳಲ್ಲಿ ನಾವು ಆ ಪರೀಕ್ಷೆಯನ್ನು ಸಭೆಯಿಲ್ಲದೆಯೇ ಮಾಡುತ್ತಿರುತ್ತೇವೆ ಎಂದು ಪುಟ್ಟಸ್ವಾಮಣ್ಣ ಹೇಳಿದ್ದನ್ನು ನಾನು ತಮಿಳು ಮಾಡಲಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ಊರಿಂದಲೇ ಹೊತ್ತು ಹೋಗಿದ್ದೆ. ಛಾವಣಿಯ ಮೇಲೆ ಕಟ್ಟಡದ ಬಿಸಿ ಹೊರಹಾಕುವ ಕೂಲಿಂಗ್ ಟವರುಗಳು ಹೊಗೆಯ ಹಾಗೆ ಆವಿ ಬಿಡುತ್ತಿದ್ದವು, ಬಿಡುವುದೆಲ್ಲ ನೀರು. ನಮ್ಮಲ್ಲಿ ಇಷ್ಟು ನೀರು ಎಲ್ಲಿಂದ ತರುವುದು ಎಂದು ಕೇಳಿದೆ. ಸರೋಜಕ್ಕ ಬದನಗುಪ್ಪೆಯ ನಕ್ಷೆ ತರಿಸಿ ಮೇಜಿನ ಮೇಲೆ ಹರಡಿದರು. ಅಲ್ಲಿ ಟವರುಗಳೇ ಇರಲಿಲ್ಲ. ಕಾರಿನ ರೇಡಿಯೇಟರಿನ ಹಾಗೆ ಫ್ಯಾನಿನಿಂದಲೇ ಬಿಸಿ ಹೊರಹಾಕುವ ಚಿಲ್ಲರುಗಳು. ಅವು ಕರೆಂಟು ಜಾಸ್ತಿ ತಿನ್ನುತ್ತವೆ, ಆದರೆ ಪೈಪಿಗೆ ಒಮ್ಮೆ ತುಂಬಿದ ನೀರೇ ಸುತ್ತುತ್ತಿರುತ್ತದೆ. ಯಾರೋ ಯೋಚಿಸಿದ್ದಾರೆ ಎಂದು ಗೊತ್ತಾಗಿ ಅಂದು ನನಗೆ ಒಳ್ಳೆಯ ನಿದ್ದೆ ಬಂತು.

ಎರಡನೆಯ ವಾರ, ಪುಟ್ಟಸ್ವಾಮಣ್ಣನ ಮಂಡಿ

ಇಲ್ಲಿ ಯಾವ ಕೆಲಸವನ್ನೂ ಒಬ್ಬರೇ ಮಾಡುವುದಿಲ್ಲ. ಒಬ್ಬರು ಕೈಯಲ್ಲಿ ಕಾಗದ ಹಿಡಿದು ಒಂದೊಂದೇ ಸಾಲು ಓದಬೇಕು. ಇನ್ನೊಬ್ಬರು ಆ ಸಾಲನ್ನು ತಿರುಗಿ ಹೇಳಿ, ಮಾಡಬೇಕಾದ ಜಾಗವನ್ನು ಬೆರಳಿಟ್ಟು ತೋರಿಸಿ, ಸರಿ ಎಂದ ಮೇಲೆ ಮಾಡಿ, ಕಣ್ಣಿಗೆ ಕಂಡದ್ದನ್ನು ಹೇಳಬೇಕು. ಓದುವವರು ಗುರುತು ಹಾಕಿ ಮುಂದಿನ ಸಾಲಿಗೆ ಹೋಗಬೇಕು. ಓದುವವರು ಯಾವುದನ್ನೂ ಮುಟ್ಟುವ ಹಾಗಿಲ್ಲ.

ಅಂದಿನ ಕೆಲಸ ತಣ್ಣೀರಿನ ಪಂಪು ಬದಲಾಯಿಸುವುದು. ನಾನು ಓದುವವಳು, ಪುಟ್ಟಸ್ವಾಮಣ್ಣ ಮಾಡುವವರು. ನಾಲ್ಕನೆಯ ಸಾಲಿನ ವಾಲ್ವ್ ನೆಲಮಟ್ಟದಲ್ಲಿ, ಪೈಪುಗಳ ಸಂದಿಯಲ್ಲಿತ್ತು. ಅವರು ಬಗ್ಗಲು ಹೋದಾಗ ಮಂಡಿ ಕಟಕ್ ಎಂದದ್ದು ನನಗೆ ಕೇಳಿಸಿತು. ಹಲ್ಲು ಕಚ್ಚಿ ಪೈಪು ಹಿಡಿದು ನಿಂತರು. ನನ್ನ ಗುರು, ನನ್ನ ಅಪ್ಪನ ಹಾಗಿರುವವರು ನೆಲಕ್ಕೆ ಕೂರುವುದು, ನಾನು ಮೇಲೆ ದೊರೆಸಾನಿಯ ಹಾಗೆ ಕಾಗದ ಹಿಡಿದು ನಿಂತಿರುವುದು! ನಮ್ಮತ್ತೆ ಕಂಡಿದ್ದರೆ ಮನೆಗೆ ಸೇರಿಸುತ್ತಿರಲಿಲ್ಲ. ನೀವು ಬುಡಿ ಅಣ್ಣ ಎಂದು ಕಾಗದವನ್ನು ಅವರ ಕೈಗೆ ತುರುಕಿ, ಸರಕ್ಕನೆ ಬಗ್ಗಿ ವಾಲ್ವ್ ತಿರುಗಿಸಿದೆ.

ತಿರುಗಿಸಿದ್ದು ಪಕ್ಕದ್ದನ್ನು. ನಿಲ್ಲಬೇಕಿದ್ದ ಪಂಪಿನದಲ್ಲ, ಓಡುತ್ತಿದ್ದ ಪಂಪಿನದು. ಗಂಟೆ ಬಡಿಯಿತು, ಕೆಂಪು ದೀಪ ಬಂತು. ಕಾದು ನಿಂತಿದ್ದ ಆ ಹೆಚ್ಚುವರಿ ಪಂಪು ತಾನೇ ಎದ್ದು ಮಾನ ಉಳಿಸಿತು. ಕಂಪ್ಯೂಟರುಗಳಿಗೆ ಏನೂ ತಿಳಿಯಲಿಲ್ಲ.

ಸರೋಜಕ್ಕ ಬೈಯುತ್ತಾರೆ ಎಂದು ಕಾದೆ. ಗಿರಣಿಯಲ್ಲಿ ಇದಕ್ಕಿಂತ ಚಿಕ್ಕದಕ್ಕೆ ಮೂರು ತಲೆಮಾರು ಹೊರಗೆಳೆದು ಬೈಸಿಕೊಂಡಿದ್ದೇನೆ. ಅವರು ಬೈಯಲಿಲ್ಲ. ಏಕೆ ಬಗ್ಗಿದೆ ಎಂದು ಕೇಳಿದರು, ಹೇಳಿದೆ. ಅವರಿಗೆ ಅರ್ಥವಾಯಿತು, ಅವರೂ ನಮ್ಮಂಥ ಮನೆಯವರೇ. ಮೆಲ್ಲಗೆ ತಮಿಳಿನಲ್ಲಿ ಹೇಳಿದ್ದು ಇಷ್ಟು: ಓದುವವಳು ಎಂದರೆ ಕಣ್ಣು. ನೀನು ಬಗ್ಗಿದ ಮೇಲೆ ಅಲ್ಲಿ ನಾಲ್ಕು ಕೈ ಇತ್ತು, ಕಣ್ಣಿರಲಿಲ್ಲ. ಅವರ ಮಂಡಿ ನೋಯುತ್ತಿದ್ದರೆ ಕೆಲಸ ನಿಲ್ಲಿಸಿ ಹೇಳಬೇಕು, ನಾವು ಒಂದು ಮಣೆ ತಂದು ಕೊಡುತ್ತೇವೆ. ನೀನು ಅವರಿಗೆ ಕೊಡುವ ಮರ್ಯಾದೆ, ಅವರ ಕೈ ತಪ್ಪು ಜಾಗಕ್ಕೆ ಹೋಗದ ಹಾಗೆ ನೋಡಿಕೊಳ್ಳುವುದು.

ಆ ದಿನದ ಹಾಳೆಯಲ್ಲಿ ಇಬ್ಬರಿಗೂ ಸೊನ್ನೆ ಬಿತ್ತು. ಇನ್ನೊಮ್ಮೆ ಹೀಗಾದರೆ ಕಾರ್ಡಿನ ಆಸೆ ಬಿಡಬೇಕು ಎಂದೂ ತಿಳಿಸಿದರು.

ಭಾನುವಾರ, ಮುದ್ದೆ

ಊಟದ ವಿಷಯದಲ್ಲಿ ಜೊಹೋರಿನವರನ್ನು ದೂರುವಂತಿಲ್ಲ. ಬೆಳಗಾಗೆದ್ದು ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ತಿನ್ನುತ್ತಾರೆ, ಟೀಯನ್ನು ಅಷ್ಟೆತ್ತರದಿಂದ ಸುರಿದು ನೊರೆ ಬರಿಸುತ್ತಾರೆ. ಆದರೂ ಮೂರನೆಯ ಭಾನುವಾರ ಪುಟ್ಟಸ್ವಾಮಣ್ಣ, ಇವತ್ತು ಮುದ್ದೆ ಉಣ್ಣದೆ ಇದ್ದರೆ ನಾನು ಬದುಕುವುದಿಲ್ಲ ಎಂದು ಘೋಷಿಸಿದರು. ಬೇಗೂರಿನಿಂದ ತಂದ ರಾಗಿ ಹಿಟ್ಟಿತ್ತು. ಹೋಟೆಲಿನ ರೂಮಿನಲ್ಲೇ ಒಂದು ಸಣ್ಣ ಒಲೆ ಇತ್ತು.

ನನಗೊಂದು ಉಪಾಯ ಹೊಳೆಯಿತು. ಮುದ್ದೆ ಮಾಡುವುದನ್ನು ಹನ್ನೆರಡು ಸಾಲಾಗಿ ಕಾಗದದ ಮೇಲೆ ಬರೆದೆ. ನಾನು ಓದುವುದು, ಅವರು ತಿರುಗಿ ಹೇಳಿ ಮಾಡುವುದು. ಸಾಲು ಒಂದು, ಪಾತ್ರೆಗೆ ನೀರು ಹಾಕಿ. ಪಾತ್ರೆಗೆ ನೀರು ಹಾಕ್ತಿದೀನಿ ಎಂದು ಪಾತ್ರೆಗೆ ಬೆರಳಿಟ್ಟು ತೋರಿಸಿ ಹಾಕಿದರು. ಐದನೆಯ ಸಾಲಿನವರೆಗೆ ಚೆನ್ನಾಗಿ ನಡೆಯಿತು. ಆರನೆಯದು, ಹಿಟ್ಟು ಹಾಕಿ ಕೋಲಿನಿಂದ ತಿರುವುವುದು. ಬೇಗೂರಿನ ಆ ಮನೆಯಲ್ಲಿ ಮೂವತ್ತು ವರ್ಷದಿಂದ ಮುದ್ದೆ ಮಾಡಿರುವುದು ಅವರ ಹೆಂಡತಿ. ಕೋಲಿಲ್ಲದೆ ಸೌಟಿನ ಹಿಡಿಯಲ್ಲಿ ತಿರುವತೊಡಗಿದಾಗ ಪಾತ್ರೆ ಜಾರಿತು, ಹಿಟ್ಟು ಗಂಟುಗಂಟಾಯಿತು. ಪಾತ್ರೆಯನ್ನು ಪಾದದಲ್ಲಿ ಒತ್ತಿ ಹಿಡಿದು ಎರಡು ಸುತ್ತು ಕೊಟ್ಟರೆ ಸರಿಹೋಗುತ್ತದೆ ಎಂದು ನನ್ನ ಕೈ ಕಾಲು ಎರಡೂ ತುರಿಸುತ್ತಿದ್ದವು. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಗಂಟಾಗಿದೆ, ಕಂಡದ್ದನ್ನು ಹೇಳಿ ಎಂದೆ. ಗಂಟಾಗಿದೆ ಎಂದು ಒಪ್ಪಿಕೊಂಡರು.

ಆ ಮುದ್ದೆಯನ್ನು ನುಂಗಲು ಬರುತ್ತಿರಲಿಲ್ಲ, ಅಗಿದು ತಿಂದೆವು. ತಿನ್ನುತ್ತಾ ಪುಟ್ಟಸ್ವಾಮಣ್ಣ ಮೆಲ್ಲಗೆ ಕೇಳಿದರು, ಇಷ್ಟು ವರ್ಷ ಕಿವಿಯಿಂದಲೇ ಕೆಲಸ ಮಾಡಿದವನು ನಾನು, ಕಾಗದ ನೋಡಿ ಮಾಡೋದು ಬರುತ್ತಾ ಈಗ? ಬರ್ತದೆ ಎಂದೆ. ಅಷ್ಟು ಖಾತ್ರಿಯೇನೂ ಇರಲಿಲ್ಲ ನನಗೆ. ಆದರೆ ಅವರು ಪ್ರತಿ ಭಾನುವಾರ ಮುದ್ದೆ ಮಾಡಿದರು. ಐದನೆಯ ವಾರದ ಹೊತ್ತಿಗೆ ಗಂಟು ಕಡಿಮೆಯಾಗಿತ್ತು.

ಐದನೆಯ ವಾರ, ಹದಿನೆಂಟು ಸಾಲು

ಪರೀಕ್ಷೆ ಶನಿವಾರ ಬೆಳಗ್ಗೆ. ಬಿ ದಾರಿಯ ಯುಪಿಎಸ್ ಅನ್ನು ಸರ್ವಿಸಿಗೆ ಬಿಡಿಸಿಕೊಡಬೇಕು. ನಾನು ಓದುವವಳು, ಪುಟ್ಟಸ್ವಾಮಣ್ಣ ಮಾಡುವವರು. ಹದಿನೆಂಟು ಸಾಲು. ಮೂಲೆಯಲ್ಲಿ ಸರೋಜಕ್ಕ ಮತ್ತು ಇನ್ನಿಬ್ಬರು ನಿಂತಿದ್ದರು, ಅವರ ಪೈಕಿ ಯಾರೂ ಮಾತಾಡುವಂತಿರಲಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ರಸ್ತೆ ಅಗೆಯುವ ಮುಂಚೆ ಪಕ್ಕದಲ್ಲಿ ಒಂದು ತಾತ್ಕಾಲಿಕ ದಾರಿ ಮಾಡಿ ಗಾಡಿಗಳನ್ನು ಅತ್ತ ತಿರುಗಿಸುತ್ತಾರಲ್ಲ, ಹಾಗೆಯೇ ಯುಪಿಎಸ್ ಕಳಚುವ ಮುಂಚೆ ಕರೆಂಟನ್ನು ಬೈಪಾಸಿಗೆ ತಿರುಗಿಸಬೇಕು. ಒಂಬತ್ತನೆಯ ಸಾಲು ಬೈಪಾಸ್ ಬ್ರೇಕರ್ ಹಾಕುವುದು. ದೀಪ ಬಂದಿದೆಯೇ ನೋಡುವುದು, ಮೀಟರಿನಲ್ಲಿ ಕರೆಂಟಿನ ಅಂಕಿ ಬಂದಿದೆಯೇ ನೋಡುವುದು. ಹತ್ತನೆಯ ಸಾಲು ಯುಪಿಎಸ್‌ನಿಂದ ಹೊರಹೋಗುವ ಬ್ರೇಕರ್ ತೆಗೆಯುವುದು. ಬೈಪಾಸಿನಲ್ಲಿ ಕರೆಂಟು ಹರಿಯದೆ ಹತ್ತನೆಯ ಸಾಲು ಮಾಡಿದರೆ ಬಿ ದಾರಿ ಪೂರ್ತಿ ಸತ್ತುಹೋಗುತ್ತದೆ. ಆಮೇಲೆ ಇಡೀ ಕಟ್ಟಡ ಎ ದಾರಿಯೊಂದನ್ನೇ ನಂಬಿ ಉಸಿರು ಬಿಗಿಹಿಡಿಯಬೇಕು.

ಎಂಟು ಸಾಲು ಹೂವಿನ ಹಾಗೆ ಮುಗಿದವು. ಮಣೆಯ ಮೇಲೆ ಕೂತು ಪುಟ್ಟಸ್ವಾಮಣ್ಣ ಪ್ರತಿಯೊಂದನ್ನೂ ತಿರುಗಿ ಹೇಳಿ, ಬೆರಳಿಟ್ಟು, ಮಾಡಿದರು. ನನಗೆ ಹೆಮ್ಮೆಯಾಗುತ್ತಿತ್ತು. ಒಂಬತ್ತನೆಯದು ಓದಿದೆ. ಅವರು ಹಿಡಿ ತಿರುಗಿಸಿದರು, ಒಳಗೆ ಧಡ್ ಎಂದು ಸದ್ದಾಯಿತು, ಹಸಿರು ದೀಪ ಬಂತು. ದೀಪ ಬಂತು ಎಂದರು. ಮೀಟರ್ ಅಂಕಿ ಎಂದು ಕೇಳಿದೆ.

"ಬಂದಿರ್ತದೆ ಕಣಮ್ಮಿ, ದೀಪ ಬಂತಲ್ಲ. ಸದ್ದೂ ಕೇಳ್ತಲ್ಲ."

ಹೇಳುತ್ತಲೇ ಅವರ ಕೈ ಹತ್ತನೆಯ ಸಾಲಿನ ಹಿಡಿಯ ಕಡೆಗೆ ಹೊರಟಿತ್ತು. ನಾನು ನಿಂತ ಜಾಗದಿಂದ ಮೀಟರ್ ಕಾಣುತ್ತಿತ್ತು. ಅಲ್ಲಿ ಸೊನ್ನೆ ಇತ್ತು.

ನನ್ನ ತಲೆಯಲ್ಲಿ ಆಗ ಏನೇನು ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಈಗ ನಿಲ್ಲಿಸಿದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ, ನನ್ನ ಕಾರ್ಡು ಹೋಗುತ್ತದೆ. ನೋಡದೆ ಹೇಳಿದ್ದಕ್ಕೆ ಅವರ ಕಾರ್ಡೂ ಹೋಗುತ್ತದೆ. ಮೂರು ಜನ ಪರದೇಶದವರ ಮುಂದೆ, ನನ್ನ ಕೈಗೆ ಟೆಸ್ಟರು ಕೊಟ್ಟವರನ್ನು ನಾನು ತಡೆಯಬೇಕು. ಮೀಟರೇ ಕೆಟ್ಟಿರಬಹುದು, ಅವರ ಕಿವಿ ಎಂದೂ ತಪ್ಪಿದ್ದು ನಾನು ಕಂಡಿಲ್ಲ. ಕೈ ಹಿಡಿದು ಎಳೆಯೋಣವೆಂದರೆ ನಾನು ಮುಟ್ಟುವ ಹಾಗಿಲ್ಲ. ನನ್ನ ಹತ್ತಿರ ಇದ್ದದ್ದು ಬಾಯಿ ಒಂದೇ.

"ಅಣ್ಣ, ನಿಲ್ಸಿ."

ಅವರ ಕೈ ಹಿಡಿಯ ಮೇಲೆ ಕೂತಿತ್ತು. ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಹೇಳಿದೆ, ಈ ಸಲ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿ. ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕತ್ತಿನ ಹಿಂಭಾಗ ಕೆಂಪಗಾದದ್ದು ಕಂಡಿತು. ಮೀಟರಿನಲ್ಲಿ ಸೊನ್ನೆ ಇದೆ ಎಂದು ನಾನು ಕಾಗದದ ಮೇಲೆ ಬರೆದೆ.

ಸರೋಜಕ್ಕ ಬಂದು ನೋಡಿದರು. ರೇಡಿಯೊದಲ್ಲಿ ಏನೋ ಹೇಳಿದರು. ನಾವು ಮಾಡಿದ್ದನ್ನೆಲ್ಲ ಒಂದೊಂದೇ ಸಾಲು ಹಿಂದಕ್ಕೆ ತೆಗೆದೆವು. ಮಧ್ಯಾಹ್ನದ ಹೊತ್ತಿಗೆ ಸರ್ವಿಸಿನವರು ಬಂದು ಆ ಬ್ರೇಕರ್ ಬಿಚ್ಚಿದರು. ಹಿಡಿ ತಿರುಗಿತ್ತು, ದೀಪದ ತಂತಿ ಕೂಡಿತ್ತು, ಕರೆಂಟು ಹೊರುವ ಒಳಗಿನ ತುಂಡು ಮಾತ್ರ ಕೂಡಿರಲಿಲ್ಲ. ಯಾರೂ ಬೇಕೆಂದು ಇಟ್ಟ ತೊಡಕಲ್ಲ. ನಿಜವಾದ ದೋಷ.

ಆಮೇಲೆ ನಮ್ಮನ್ನು ಒಂದು ಮೇಜಿನ ಮುಂದೆ ಕೂರಿಸಿ ಏನಾಯಿತು ಹೇಳಿ ಎಂದರು. ನಾನು ಮನಸ್ಸಿನಲ್ಲೇ ಒಂದು ಸುಳ್ಳನ್ನು ನಯ ಮಾಡುತ್ತಿದ್ದೆ, ಇಬ್ಬರಿಗೂ ಒಟ್ಟಿಗೇ ಅನುಮಾನ ಬಂತು ಎಂದು. ಅಷ್ಟರಲ್ಲಿ ಪುಟ್ಟಸ್ವಾಮಣ್ಣ ಕನ್ನಡದಲ್ಲೇ ಶುರು ಮಾಡಿದರು.

"ನಾನು ದೀಪ ನೋಡ್ದೆ, ಮೀಟರು ನೋಡ್ನಿಲ್ಲ. ನೋಡಿದ್ದು ಇವ್ಳು. ಹಂಗೇ ಬರ್ಕಳಿ ಅಂತ ಹೇಳು."

ಅದನ್ನು ತಮಿಳು ಮಾಡಿ ಹೇಳಬೇಕಾದವಳು ನಾನೇ. ಅವರ ಸೋಲನ್ನು ನನ್ನ ಬಾಯಿಂದ ಹೇಳುವುದಿತ್ತು. ಒಂದಕ್ಷರ ಬದಲಿಸಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹೇಳಿದ ಹಾಗೇ ಹೇಳಿದೆ, ಹೇಳಿ ಮುಗಿಸಿ ಬಾತ್‌ರೂಮಿಗೆ ಹೋಗಿ ಚೆನ್ನಾಗಿ ಅತ್ತೆ.

ಒಂಬತ್ತು ಸಾಲಿಗೆ ನಿಂತ ಕಾಗದದ ಮೇಲೆಯೇ ನನಗೆ ಕಾರ್ಡು ಕೊಟ್ಟರು. ಪುಟ್ಟಸ್ವಾಮಣ್ಣನಿಗೆ ಮುಂದಿನ ವಾರ ಮತ್ತೆ ಪರೀಕ್ಷೆ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ, ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರು. ಮೂರನೆಯ ದಿನ ಬಂದು, ಓದುವವರು ಯಾರು ಬೇಕೆಂದು ಸರೋಜಕ್ಕ ಕೇಳಿದರು, ನಿನ್ನ ಹೆಸರೇ ಹೇಳಿದ್ದೀನಿ ಎಂದರು. ಎರಡನೆಯ ಸಲ ಹದಿನೆಂಟೂ ಸಾಲು ಮುಗಿದವು. ಪ್ರತಿ ಅಂಕಿಯನ್ನೂ ಅವರು ಅಂಗಡಿಯಲ್ಲಿ ಚಿಲ್ಲರೆ ಎಣಿಸುವವರ ಹಾಗೆ ಬೆರಳಿಟ್ಟು ಓದಿ ಹೇಳಿದರು.

ಮತ್ತೆ ಬದನಗುಪ್ಪೆ

ವಾಪಸು ಬಂದು ಎರಡು ತಿಂಗಳಾಯಿತು. ಬದನಗುಪ್ಪೆಯ ಕಟ್ಟಡದಲ್ಲಿ ಯಂತ್ರಗಳನ್ನು ಒಂದೊಂದಾಗಿ ಓಡಿಸಿ ನೋಡುತ್ತಿದ್ದೇವೆ. ಚಿಲ್ಲರುಗಳು ಸಾಲಾಗಿ ನಿಂತಿವೆ, ಟವರಿಲ್ಲ. ಪಾಳಿಗೆ ಸೇರಿದ ಆರು ಜನರಲ್ಲಿ ಮೂವರು ಹುಡುಗಿಯರು, ಒಬ್ಬಳು ನಮ್ಮ ಸಂತೆಮರಹಳ್ಳಿಯವಳೇ. ಮೂವರಿಗೂ ಅರಿಶಿನದ ಕೊಂಬಿನ ವ್ಯವಹಾರ ಹೇಳಿಕೊಟ್ಟಾಗಿದೆ.

ಮೊನ್ನೆ ಬುಧವಾರ ಯುಪಿಎಸ್ ಕೋಣೆಯಲ್ಲಿ ನಾನು ಕಾಗದ ಹಿಡಿದಿದ್ದೆ, ಪುಟ್ಟಸ್ವಾಮಣ್ಣ ಮಣೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಕಂಟ್ರಾಕ್ಟರ್ ಕಡೆಯಿಂದ ಬಂದ ಎಂಜಿನಿಯರ್ ಒಬ್ಬರು, ಮೈಸೂರಿಗೆ ಹೋಗುವ ಅವಸರದಲ್ಲಿದ್ದವರು, ಮುಂದಿನ ಎರಡು ಸಾಲು ಬೇಡ, ಸೀದಾ ಕೊನೆಯದು ಮಾಡಿಬಿಡಿ ಎಂದರು. ಆಗುವುದಿಲ್ಲ ಎಂದೆ. ಅವರು ನನ್ನ ಮಾತು ಕೇಳಿಸದವರ ಹಾಗೆ ತಾವೇ ಹಿಡಿಗೆ ಕೈ ಹಾಕಿದರು. ನಿಲ್ಲಿಸಿ ಎಂದೆ. ಅವರು ನಕ್ಕು ಪುಟ್ಟಸ್ವಾಮಣ್ಣನ ಕಡೆ ತಿರುಗಿ, ಯಜಮಾನ್ರೆ, ಹಿರಿಯರು ನೀವಾದರೂ ಈಯಮ್ಮನಿಗೆ ಹೇಳಿ ಎಂದರು.

ಪುಟ್ಟಸ್ವಾಮಣ್ಣ ಕೂತಲ್ಲಿಂದ ಏಳಲಿಲ್ಲ.

"ಅವ್ಳು ನಿಲ್ಸು ಅಂದಾಗ ನಾನೇ ನಿಂತಿವ್ನಿ ಸಾಮಿ. ನೀವೂ ಕೈ ತೆಗೀರಿ."

ಎಂಜಿನಿಯರ್ ಕೈ ತೆಗೆದರು. ನಾನು ಮುಂದಿನ ಸಾಲು ಓದಿದೆ.